ಅಪ್ಪನ ಮುಳ್ಳಿನ ಮೀಟರು

ಕಳೆದ ದೀಪಾವಳಿಗೆ ಪುಣೆಯಿಂದ ದಾವಣಗೆರೆಗೆ ಹೋದಾಗ ಮನೆಯಲ್ಲಿ ಇನ್ವರ್ಟರ್ ರಾಮಾಯಣ ನಡೆದಿತ್ತು. ಹೊಸದಾಗಿ ತಂದ ಅಗ್ಗದ ಇನ್ವರ್ಟರ್ 180 ವೋಲ್ಟ್ ಮಾತ್ರ ಕೊಡುತ್ತಿದೆ, ಅಂಗಡಿಯವನು ಮೋಸ ಮಾಡಿದ ಎಂದು ಅಪ್ಪನ ದೂರು. ಮೂವತ್ತು ವರ್ಷ ರೇಡಿಯೋ, ಟಿ.ವಿ., ಆಮೇಲೆ ಇನ್ವರ್ಟರ್ ರಿಪೇರಿ ಮಾಡಿದವರು. ಒಳಗಿನ ಪ್ರಿಸೆಟ್ ತಿರುಗಿಸಿ 230ಕ್ಕೆ ಏರಿಸಲು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು.

ನನ್ನ ಬ್ಯಾಗಿನಲ್ಲಿ ಟ್ರೂ ಆರ್‌ಎಂಎಸ್ ಮೀಟರ್ ಇತ್ತು. (ಸಾಫ್ಟ್‌ವೇರ್‌ನವನಿಗೆ ಅದೇಕೆ ಎಂದು ಹೆಂಡತಿಯೂ ಕೇಳುತ್ತಾಳೆ.) ಇನ್ವರ್ಟರಿಗೆ ಹಚ್ಚಿದರೆ 229! ಅಪ್ಪ ನಂಬಲಿಲ್ಲ. ಕರೆಂಟು ಬಂದ ಮೇಲೆ ಗೋಡೆಯ ಸಾಕೆಟ್ಟಿಗೆ ಎರಡೂ ಮೀಟರ್ ಹಿಡಿದೆವು. ಎರಡರಲ್ಲೂ 232ರ ಆಸುಪಾಸು.

"ನೋಡಿದ್ಯಾ? ನನ್ ಮೀಟರ್ ಸರಿಯಾಗೇ ಐತಿ. ನಿಂದೇ ಇನ್ವರ್ಟರ್ ಹತ್ರ ಸುಳ್ಳು ಹೇಳ್ತತಿ" ಎಂದರು.

ಲೈಟ್ ಬಿಲ್ಲಿನ ಹಿಂದೆ ಚಿತ್ರ ಬರೆದೆ. ಎಸಿ 230 ವೋಲ್ಟ್ ಎಂದರೆ, 230 ವೋಲ್ಟ್ ಡಿಸಿ ಹೀಟರ್ ಕಾಯಿಲನ್ನು ಎಷ್ಟು ಕಾಯಿಸುತ್ತದೋ ಅಷ್ಟೇ ಕಾಯಿಸುವ ಎಸಿ. ಶಾಖ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಹಾಗಾಗಿ ಪ್ರತಿ ಕ್ಷಣದ ವೋಲ್ಟೇಜಿನ ವರ್ಗ ತೆಗೆದು, ಅವುಗಳ ಸರಾಸರಿ ಹಿಡಿದು, ವರ್ಗಮೂಲ ತೆಗೆಯಬೇಕು. ಮುಳ್ಳಿಗೆ ಇಷ್ಟೆಲ್ಲ ಬರುವುದಿಲ್ಲ. ಡಯೋಡು ಮೈನಸ್ ಭಾಗವನ್ನು ಪ್ಲಸ್ ಮಾಡಿ ಕೊಡುತ್ತದೆ, ಮುಳ್ಳು ಬರೀ ಸರಾಸರಿಗೆ ನಿಲ್ಲುತ್ತದೆ. ಮನೆ ಕರೆಂಟಿನ ತುದಿ 325 ವೋಲ್ಟ್, ಸರಾಸರಿ 207. ಅದನ್ನು 1.11ರಿಂದ ಗುಣಿಸಿದರೆ 230. ಸ್ಕೇಲ್ ಅಚ್ಚು ಹಾಕುವಾಗಲೇ ಆ ಗುಣಾಕಾರ ಸೇರಿಸಿರುತ್ತಾರೆ. ಆದರೆ 1.11 ಸೈನ್ ಅಲೆಗೆ ಮಾತ್ರ ಒಪ್ಪುವ ಸಂಖ್ಯೆ. ಈ ಇನ್ವರ್ಟರಿನದು ಮೆಟ್ಟಿಲಿನಂಥ ಅಲೆ: ಅರ್ಧ ಹೊತ್ತು 325, ಅರ್ಧ ಹೊತ್ತು ಸೊನ್ನೆ. ವರ್ಗದ ಲೆಕ್ಕದಲ್ಲಿ 230 ಬರುತ್ತದೆ. ಸರಾಸರಿ 162.5.

ಅದನ್ನು 1.11ರಿಂದ ಅಪ್ಪ ತಾವೇ ಗುಣಿಸಿದರು. 180. ಪೆನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕೂತರು.

"ಹಂಗಾರೆ ಮುಳ್ಳು 230 ತೋರ್ಸೋತನ ಏರಿಸಿದ್ರೆ ನಿಜವಾಗ್ಲೂ ಎಷ್ಟಿರ್ತತಿ?"

"260ರ ಹತ್ರ ಅಪ್ಪಾ."

"ಎಷ್ಟು ಜನರ ಮನೇಲಿ ಏರ್ಸೀನಿ... ಬಲ್ಬ್ ಬಾಳ ಹೋಗ್ತಾವು ಅಂತ ಬಂದೋರಿಗೆ ಒಳ್ಳೆ ಕಂಪನಿ ಬಲ್ಬ್ ತಗೊಳ್ಳಿ ಅಂತಿದ್ದೆ."

ಪೂರ್ತಿ ಚೌಕದ ಅಲೆಯಾದರೆ ಇದೇ ಮೀಟರ್ ಉಲ್ಟಾ ಶೇ. 11ರಷ್ಟು ಹೆಚ್ಚು ತೋರಿಸುತ್ತದೆ, ಅಂಥವನ್ನು ನೀವು ಇಳಿಸಿಯೂ ಇರಬಹುದು ಎಂದೆ. ಸಮಾಧಾನ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಅವರು ಇನ್ವರ್ಟರಿನ ಮುಚ್ಚಳ ಹಾಕಿ ನಾಲ್ಕೂ ಸ್ಕ್ರೂ ಬಿಗಿ ಮಾಡಿದರು.

ಹೊರಡುವಾಗ ನನ್ನ ಮೀಟರ್ ಅಲ್ಲೇ ಬಿಟ್ಟು ಬಂದೆ. ಹೋದ ವಾರ ಅಮ್ಮನ ಫೋನು: ಅಪ್ಪ ಅದನ್ನು ಚೀಲಕ್ಕೆ ಹಾಕಿಕೊಂಡು ಹಳೇ ಗಿರಾಕಿಗಳ ಮನೆ ಹುಡುಕಿಕೊಂಡು ಹೋಗುತ್ತಿದ್ದಾರಂತೆ. ಬಿಸಿಲಾಗೆ ಬೇಡ ಅಂದ್ರೂ ಕೇಳಲ್ಲ, ನೀನಾದ್ರೂ ಹೇಳು ಎಂದಳು. ನಾನು ಹೇಳಿಲ್ಲ.