ಕೊಯ್ಯದೆ ಕಾಣುವ ಒಳಗು

ಹೊರಮೈಯನ್ನು ಕಂಡ ಮಾತ್ರಕ್ಕೆ ವಸ್ತುವಿನ ಒಳಗು ತಿಳಿಯದೆಂಬುದನ್ನು ಮೇಲೂರಿನ ಹಿಪ್ಪುನೇರಳೆ ಬೆಳೆಗಾರನಿಗೆ ಯಾರೂ ಬೋಧಿಸಬೇಕಾಗಿಲ್ಲ. ರೇಷ್ಮೆಗೂಡನ್ನು ಕೊಳ್ಳುವವನು ರಾಶಿಯಿಂದ ಕೆಲವನ್ನೆತ್ತಿ, ಕತ್ತರಿಸಿ, ಪದರದ ದಪ್ಪವನ್ನೂ ಒಳಗಿನ ಹುಳುವಿನ ಸ್ಥಿತಿಯನ್ನೂ ಪರೀಕ್ಷಿಸುವುದುಂಟು. ಆದರೆ ಹಾಗೆ ಕೊಯ್ದ ಗೂಡಿನಿಂದ ನೂಲು ಬಿಚ್ಚಲಾಗದು. ಅಖಂಡವಾಗಿದ್ದ ಎಳೆ ತುಂಡುತುಂಡಾಗಿರುತ್ತದೆ. ಅರಿವಿಗೆ ತೆತ್ತ ಬೆಲೆ ಅದು.

ಆಕಾರವನ್ನು ಕೈಗಿಂತ ಮೊದಲು ಬುದ್ಧಿಯಿಂದ ಹಿಡಿಯುವ ಸಾಧನೆ ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಆಯತವೃತ್ತವನ್ನು ವಿಚಾರಿಸಿದನು, ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕ್ಷೇತ್ರಗಣಿತವನ್ನು ಕನ್ನಡಕ್ಕೆ ತಂದನು. ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಟ್ಟ ಕಾಲದಲ್ಲಿ ಯಂತ್ರದ ಒಳನೋಟವನ್ನು ಕಾಗದದ ಮೇಲೆ ಕೈಯಿಂದಲೇ ಬರೆಯಬೇಕಾಗಿತ್ತು. 1963ರಲ್ಲಿ ಐವಾನ್ ಸದರ್ಲೆಂಡ್ ಎಂಬಾತನು ಗಣಕದ ತೆರೆಯ ಮೇಲೆಯೇ ರೇಖೆಯೆಳೆಯುವ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ತೋರಿಸಿದ ಬಳಿಕ ಈ ವಿದ್ಯೆಯ ದಾರಿಯೇ ಬೇರೆಯಾಯಿತು.

ಇಂದಿನ ಕ್ಯಾಡ್ ತಂತ್ರಾಂಶದಲ್ಲಿ ಯಂತ್ರದ ಒಂದೊಂದು ಬಿಡಿಭಾಗಕ್ಕೂ ಒಂದೊಂದು ಘನರೂಪವುಂಟು. ನೂಲು ಬಿಚ್ಚುವ ರಾಟೆಯನ್ನೇ ನಿದರ್ಶನವಾಗಿ ಕೊಳ್ಳಬಹುದು. ಅಚ್ಚು, ಅದು ತಿರುಗುವ ಬುಷ್, ಹಲ್ಲುಚಕ್ರ, ಚೌಕಟ್ಟು ಇವೆಲ್ಲ ಬೇರೆ ಬೇರೆಯಾಗಿ ರಚಿತವಾಗಿ, ಜೋಡಣೆಯಲ್ಲಿ ಒಂದೇ ನೆಲೆಗೆ ಬರುತ್ತವೆ. ಆ ಜೋಡಣೆಯ ಮೂಲಕ ಕಲ್ಪಿತ ಸಮತಲವೊಂದನ್ನು ಹಾಯಿಸಿದರೆ, ಅದು ಸೀಳಿದ ಪ್ರತಿಯೊಂದು ಭಾಗವೂ ತನ್ನ ಅಂಚಿನ ಗುರುತನ್ನು ಆ ತಲದಲ್ಲಿ ಉಳಿಸುತ್ತದೆ. ಈ ಗುರುತೇ ಛೇದರೇಖೆ. ಉರುಳೆಯಾಕಾರದ ಅಚ್ಚನ್ನು ನೇರ ಅಡ್ಡಲಾಗಿ ಸೀಳಿದರೆ ವೃತ್ತ, ಓರೆಯಾಗಿ ಸೀಳಿದರೆ ದೀರ್ಘವೃತ್ತ, ಉದ್ದಕ್ಕೆ ಸೀಳಿದರೆ ಸಮಾಂತರವಾದ ಎರಡು ಗೆರೆಗಳು.

ಈ ರೇಖೆಗಳು ಕೇವಲ ಅಲಂಕಾರವಲ್ಲ. ಅಚ್ಚಿನ ವ್ಯಾಸ 20 ಮಿ.ಮೀ., ಬುಷ್ಷಿನ ರಂಧ್ರ 20.05 ಮಿ.ಮೀ. ಎಂದಿಟ್ಟುಕೊಂಡರೆ, ಎರಡು ವೃತ್ತಗಳ ನಡುವೆ ಸುತ್ತಲೂ 0.025 ಮಿ.ಮೀ. ತೆರಪಿರಬೇಕು. ಜೋಡಣೆ ವಾರೆಯಾದರೆ ತೆರಪು ಒಂದೆಡೆ ಹಿಗ್ಗಿ ಇನ್ನೊಂದೆಡೆ ಕುಗ್ಗುತ್ತದೆ. ವೃತ್ತಗಳು ಒಂದನ್ನೊಂದು ದಾಟಿದರೆ ಎರಡು ಲೋಹಗಳು ಒಂದೇ ಸ್ಥಳಕ್ಕೆ ಹಕ್ಕು ಹೂಡಿವೆಯೆಂದೇ ಅರ್ಥ. ಹೊರನೋಟಕ್ಕೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಈ ದೋಷ ತೆರೆಯ ಮೇಲೆ ಸಿಕ್ಕದೆ ಕಾರ್ಖಾನೆಯಲ್ಲಿ ಸಿಕ್ಕರೆ ಲೋಹ ವ್ಯರ್ಥ. ಅಲ್ಲಿಯೂ ಸಿಕ್ಕದಿದ್ದರೆ ರಾಟೆ ತಡೆದು ಎಳೆ ಹರಿಯುತ್ತದೆ, ಬಿಸಿನೀರಿನಲ್ಲಿ ಕೈಯದ್ದಿ ದುಡಿಯುವವರ ಅಂದಿನ ಕೂಲಿಗೆ ಸಂಚಕಾರ ಬರುತ್ತದೆ.

ಇಲ್ಲಿ ಒಂದು ಎಚ್ಚರವೂ ಅವಶ್ಯ. ಮೂಲರೂಪದೊಡನೆ ಸಂಬಂಧವುಳಿಸಿಕೊಂಡ ಛೇದರೇಖೆ, ಭಾಗವು ಬದಲಾದಾಗ ತಾನೂ ಬದಲಾಗುತ್ತದೆ. ಸಂಬಂಧ ಕಡಿದು ಪ್ರತ್ಯೇಕವಾಗಿ ಉಳಿಸಿದ ರೇಖೆಯಾದರೋ ಹಳೆಯ ಅಳತೆಯನ್ನೇ ಸಾರುತ್ತಿರುತ್ತದೆ. ಅದು ಸುಳ್ಳಲ್ಲ, ನಿನ್ನೆಯ ನಿಜ; ಆದರೆ ಅದನ್ನು ನಂಬಿ ಇಂದಿನ ಭಾಗವನ್ನು ಕಡೆದರೆ ಕೂಡುವುದಿಲ್ಲ.

ರೇಷ್ಮೆಯ ಸೀಮೆಯ ಮಕ್ಕಳು ಈ ವಿದ್ಯೆಯನ್ನು ಕಲಿಯಲು ಪರವೂರಿಗೆ ತೆರಳುತ್ತಾರೆ. ಸಲಕರಣೆ ಅಲ್ಲಿ ದೊರೆಯಬಹುದು. ಆದರೆ ದೃಷ್ಟಿಯನ್ನು ಶಾಲೆಯ ಕರಿಹಲಗೆಯ ಮುಂದೆಯೇ ಬೆಳೆಸಬಹುದು. ಒಂದು ಕ್ಯಾರೆಟ್ಟನ್ನು ನೇರಕ್ಕೂ ಓರೆಗೂ ಕೊಯ್ದು ತೋರಿಸಿ, ಮುಂದಿನದನ್ನು ಕೊಯ್ಯುವ ಮೊದಲೇ ಆಕಾರವನ್ನು ಬರೆಯಿರೆಂದು ಹೇಳುವ ಉಪಾಧ್ಯಾಯರು ಆ ವಿದ್ಯೆಗೆ ಅಡಿಪಾಯ ಹಾಕಿದಂತೆಯೇ ಸರಿ.