ಕರಡಿ ಗೊಂಬೆಯ ಫೈಲು

2002ರಲ್ಲಿ ನಾನು ಮನೋಳಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಊರಿನಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಆ ವರ್ಷ ಬೆಂಗಳೂರಿನ ಗೆಳೆಯನಿಂದ ಒಂದು ಇಮೇಲ್ ಬಂತು. ಜೆಡಿಬಿಜಿಎಂಜಿಆರ್ ಎಂಬ ಫೈಲು ವೈರಸ್, 14 ದಿನ ಸುಮ್ಮನಿದ್ದು ಆಮೇಲೆ ಎಲ್ಲ ಹಾಳು ಮಾಡುತ್ತದೆ, ನಾರ್ಟನ್, ಮ್ಯಾಕಫಿಯಂಥ ಆ್ಯಂಟಿವೈರಸ್‌ಗಳಿಗೂ ಸಿಗುವುದಿಲ್ಲ, ಹುಡುಕಿ ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿ ಎಂದಿತ್ತು. ಹುಡುಕಿದೆ. ಬೂದು ಬಣ್ಣದ ಪುಟ್ಟ ಕರಡಿ ಗೊಂಬೆಯ ಗುರುತು ಹೊತ್ತು ಆ ಫೈಲು ನಿಜಕ್ಕೂ ಇತ್ತು. ಕಣ್ಣಾರೆ ಕಂಡ ಮೇಲೆ ಇನ್ನೇನು ಅನುಮಾನ?

ಸುಳ್ಳು ಹೆಣೆದವರ ಜಾಣತನ ಇದ್ದದ್ದೇ ಅಲ್ಲಿ. ಅದು ಜಾವಾ ಪ್ರೋಗ್ರಾಂ ಬರೆಯುವವರಿಗಾಗಿ ಮೈಕ್ರೋಸಾಫ್ಟ್ ವಿಂಡೋಸ್ ಜೊತೆಗೇ ಕೊಡುತ್ತಿದ್ದ ಫೈಲು. ಮನೆಯವನನ್ನೇ ಕಳ್ಳನೆಂದು ತೋರಿಸಿದರೆ ಹುಡುಕಿದ ಮನೆಯಲ್ಲೆಲ್ಲ ಕಳ್ಳ ಸಿಗುತ್ತಾನೆ. ಅದರ ಹಿಂದಿನ ವರ್ಷ ಸಲ್ಫ್‌ಎನ್‌ಬಿಕೆ ಎಂಬ ವಿಂಡೋಸ್ ಫೈಲಿನ ಹೆಸರಿನಲ್ಲೂ ಇದೇ ಆಟ ನಡೆದಿತ್ತು. ಹರಡುವ ಕೆಲಸವನ್ನು ನನ್ನಂಥವರೇ ಮಾಡಿಕೊಟ್ಟೆವು.

ಕ್ಲಾಸಿನ ಎಲ್ಲ ಯಂತ್ರಗಳಿಂದ ಅಳಿಸಿದೆ. ಊರಿನ ಡಿಟಿಪಿ ಅಂಗಡಿಗೆ ಹೋಗಿ ಅಲ್ಲಿಯೂ ಅಳಿಸಿದೆ. ಸವದತ್ತಿ, ಬೈಲಹೊಂಗಲದ ಪರಿಚಯದವರಿಗೆಲ್ಲ ಇಮೇಲ್ ಹೋಯಿತು. ಕೆಲವೇ ದಿನಗಳಲ್ಲಿ ಅದು ಸುಳ್ಳೆಂದು ತಿಳಿಯಿತು. ಯಾರ ಯಂತ್ರವೂ ಕೆಟ್ಟಿರಲಿಲ್ಲ. ಹೇಳಿ ಯಾಕೆ ಹೆಸರು ಕೆಡಿಸಿಕೊಳ್ಳಲಿ ಎಂದು ಸುಮ್ಮನಾದೆ. ನಂಬಿದ್ದಕ್ಕಿಂತ ದೊಡ್ಡ ತಪ್ಪು ಆ ಸುಮ್ಮನಾದದ್ದು.

2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಕಂಪ್ಯೂಟರ್ ವರ್ಮ್ ಬಂತು. ಅದು ನಿಜವಾದದ್ದು. ಅದು ನುಸುಳುವ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಜುಲೈನಲ್ಲೇ ಪ್ಯಾಚ್ ಕೊಟ್ಟಿತ್ತು. ಇಂಟರ್ನೆಟ್ಟಿಗೆ ಸೇರಿದರೆ ಸಾಕು, ಇಮೇಲ್ ತೆರೆಯದಿದ್ದರೂ ಒಳಗೆ ಬರುತ್ತಿತ್ತು. ಡಿಟಿಪಿ ಅಂಗಡಿಯವರಿಗೆ ಪ್ಯಾಚ್ ಹಾಕಿಕೊಡುತ್ತೇನೆ ಎಂದೆ.

‘ಹ್ವಾದ ವರ್ಷ ಕರಡಿ ಬಂದಾಗೂ ಹಿಂಗ ಅಂದಿದ್ರಿ ಸರ. ಅದು ಸುಳ್ಳಂತ ನಮ್ಮ ಅಳಿಯ ಹೇಳಿದ. ನೀವು ಒಂದ ಮಾತ ಹೇಳ್ಲಿಲ್ಲ. ಇದೂ ಇರ್ಲಿ ಬಿಡ್ರಿ’ ಅಂದರು.

ವಾರದೊಳಗೆ ಅವರ ಎಕ್ಸ್‌ಪಿ ಯಂತ್ರದಲ್ಲಿ 60 ಸೆಕೆಂಡಿನ ಎಣಿಕೆ ಕಾಣಿಸಿಕೊಂಡಿತು. ನೆಟ್ ಹಚ್ಚಿದಾಗಲೆಲ್ಲ ಯಂತ್ರ ತಾನೇ ಬಂದ್ ಆಗುತ್ತಿತ್ತು. ಸೇವ್ ಮಾಡದ ಪುಟಗಳು ಹೋದವು. ಅವರೆದುರು ಕೂತು ಎಲ್ಲವನ್ನೂ ಒಪ್ಪಿಕೊಂಡದ್ದು ಆವತ್ತು. ಒಂದು ವರ್ಷ ತಡವಾಗಿತ್ತು.

ಈಗ ವಾಟ್ಸ್‌ಆ್ಯಪಿನಲ್ಲಿ ‘ಮಾರ್ಟಿನೆಲ್ಲಿ ವಿಡಿಯೊ ತೆರೆಯಬೇಡಿ, ಫೋನ್ ಹ್ಯಾಕ್ ಆಗುತ್ತದೆ’ ಎಂಬ ಸುಳ್ಳು 2017ರಿಂದ ಸುತ್ತುತ್ತಿದೆ. ನೀವೂ ಕಳಿಸಿದ್ದರೆ, ಅದೇ ಗುಂಪಿಗೆ ಹೋಗಿ ‘ಅದು ಸುಳ್ಳು, ನಾನೇ ಕಳಿಸಿದ್ದೆ’ ಎಂದು ದಯವಿಟ್ಟು ಬರೆಯಿರಿ.