ಗಾಳಿಗೆ ಸಿಕ್ಕ ಚೆಂಡು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡನ್ನು ಹಿಡಿದವರು ನಾಲ್ಕು ಯತ್ನಗಳೊಳಗಾಗಿ ಹತ್ತು ಗಜ ಮುಂದೆ ಸಾಗಬೇಕು. ಮೂರು ಯತ್ನಗಳು ನಿಷ್ಫಲವಾದರೆ, ಚೆಂಡು ಇದ್ದಲ್ಲಿಯೇ ಎದುರಾಳಿಗಳ ಪಾಲಾಗದಂತೆ ಅದನ್ನು ದೂರಕ್ಕೆ ಒದೆಯಲು ಒಬ್ಬನನ್ನು ಕರೆಯುವರು. ಅವನೇ ಪಂಟರನು. ತನ್ನವರು ಕೈಸೋತ ಗಳಿಗೆಯಲ್ಲಿಯೇ ಅವನಿಗೆ ಕರೆ. ಚೆನ್ನಾಗಿ ಒದ್ದರೆ ಯಾರೂ ಗಮನಿಸರು. ತಪ್ಪಿದರೆ ಯಾರೂ ಮರೆಯರು.

ಶಾನ್ ಲ್ಯಾಂಡೆಟಾ ಇಂಥವರಲ್ಲಿ ಒಬ್ಬನು. ೧೯೮೬ನೆಯ ಜನವರಿ ೫ರಂದು, ತನಗೆ ಇಪ್ಪತ್ತನಾಲ್ಕು ತುಂಬುವ ಹಿಂದಿನ ದಿನ, ಷಿಕಾಗೋ ನಗರದಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡದ ಪರವಾಗಿ ಒದೆಯಲು ನಿಂತನು. ಕೈಯಿಂದ ಬಿಟ್ಟ ಚೆಂಡನ್ನು ಗಾಳಿಯು ಪಕ್ಕಕ್ಕೆ ಸರಿಸಿತು. ಅದು ಪಾದದ ಅಂಚಿಗೆ ಸೋಕಿ ಉರುಳಿತು. ಎದುರಾಳಿಯೊಬ್ಬನು ಅದನ್ನೆತ್ತಿಕೊಂಡು ಐದು ಗಜ ಓಡಿ ಗುರಿಗೆರೆಯನ್ನು ದಾಟಿದನು. ಜಯಂಟ್ಸ್ ತಂಡವು ೨೧-೦ ಅಂಕಗಳಿಂದ ಸೋತಿತು.

ಮರುವರ್ಷವೂ ಆತನು ಅದೇ ಕೆಲಸಕ್ಕೆ ನಿಂತನು. ೧೯೮೭ರ ಮತ್ತು ೧೯೯೧ರ ಜನವರಿಗಳಲ್ಲಿ ಆ ತಂಡವು ಸೂಪರ್ ಬೌಲ್ ಪಂದ್ಯವನ್ನು ಗೆದ್ದಾಗ ಎರಡು ಸಲವೂ ಆತನಿದ್ದನು. ೧೯೯೩ರಲ್ಲಿ ಆ ಮನೆ ತಪ್ಪಿತು. ಆಮೇಲಿನದು ಊರೂರು ತಿರುಗಿ ದುಡಿವವನ ಬಾಳು: ರ‍್ಯಾಮ್ಸ್, ಟ್ಯಾಂಪಾ ಬೇ, ಗ್ರೀನ್ ಬೇ, ಫಿಲಡೆಲ್ಫಿಯಾ, ಮತ್ತೆ ರ‍್ಯಾಮ್ಸ್, ಮತ್ತೆ ಫಿಲಡೆಲ್ಫಿಯಾ. ೨೦೦೫ರಲ್ಲಿ, ನಲವತ್ತಮೂರರ ಪ್ರಾಯದಲ್ಲಿಯೂ, ಆತನು ಒದೆಯುತ್ತಲೇ ಇದ್ದನು.

ಲೋಕವು ನೆನಪಿನಲ್ಲಿಟ್ಟದ್ದು ತಪ್ಪಿದ ಆ ಒಂದು ಒದೆತವನ್ನು. ಆತನಾದರೋ ಆಮೇಲೆ ಇಪ್ಪತ್ತು ವರ್ಷಗಳ ಕಾಲ, ಗಾಳಿ ಬೀಸುವಲ್ಲಿಯೂ, ಚೆಂಡನ್ನು ಕೈಯಿಂದ ಬಿಡಲು ಅಂಜಲಿಲ್ಲ.